ಲಕ್ಷ್ಮಮ್ಮನ ಕೈಯಿಂದ ಒಪ್ಪಿಗೆ

ಕತ್ರಿಗುಪ್ಪೆಯ ಆ ರಸ್ತೆಯಲ್ಲಿ ಯಾರು ಅಂಗಡಿ ತೆರೆದರೂ ಬೋಣಿ ಲಕ್ಷ್ಮಮ್ಮನವರದೇ. ಬೇಕರಿ ಇರಲಿ, ಮೊಬೈಲ್ ರಿಪೇರಿ ಇರಲಿ, ಮೊದಲ ದಿನದ ಮೊದಲ ವ್ಯಾಪಾರ ಅವರ ಕೈಯಿಂದ ಆಗಬೇಕು. ಅವರ ಕೈಗುಣ ಅಂಥದ್ದು ಎಂದು ಜನ ನಂಬಿಬಿಟ್ಟಿದ್ದರು. ಅವರ ಹೊಲ ಲೇಔಟಾಗಿ, ರಾಗಿ ಬೆಳೆಯುತ್ತಿದ್ದಲ್ಲಿ ಮೂರಂತಸ್ತಿನ ಕಟ್ಟಡ ಎದ್ದು, ಬಾಡಿಗೆ ಬರತೊಡಗಿ ಎಷ್ಟೋ ವರ್ಷವಾಗಿತ್ತು. ಆದರೂ ಲಕ್ಷ್ಮಮ್ಮ ರಾಹುಕಾಲ ನೋಡದೆ ಹಾಲಿನ ಪ್ಯಾಕೆಟ್ಟನ್ನೂ ಕತ್ತರಿಸುತ್ತಿರಲಿಲ್ಲ. ನಗುವವರು ನಗಲಿ. ಹಾಗೆ ನಕ್ಕವರೆಲ್ಲ ತಮ್ಮ ಅಂಗಡಿಯ ಪೂಜೆಗೆ ಮಾತ್ರ ತೆಪ್ಪಗೆ ಬಂದು ಅವರನ್ನೇ ಕರೆಯುತ್ತಿದ್ದರು.

ಚೂಡಾಮಣಿಯೂ ಕರೆದಳು. ಅವಳು ಜಯನಗರದವಳು. ಮಕ್ಕಳ ಮದುವೆಯೆಲ್ಲ ಮುಗಿದ ಮೇಲೆ, ಮನೆಯಲ್ಲಿ ಕೂತು ರವಿಕೆಗಳಿಗೆ ಹಾಕುತ್ತಿದ್ದ ಕಸೂತಿಗೆ ಒಂದು ಅಂಗಡಿ ಬೇಕೇ ಬೇಕೆಂದು ಹಟ ಹಿಡಿದು, ಲಕ್ಷ್ಮಮ್ಮನವರ ಕಟ್ಟಡದ ಕೆಳಗಿನ ಮಳಿಗೆಯನ್ನು ಬಾಡಿಗೆಗೆ ತೆಗೆದುಕೊಂಡಿದ್ದಳು. ಗಂಡ ಅನಂತಪದ್ಮನಾಭ "ಈ ವಯಸ್ಸಲ್ಲಿ ಯಾಕೆ ಬೇಕಿತ್ತೇ ಇದೆಲ್ಲ" ಎಂದು ಗೊಣಗಿದ. ಗೊಣಗುತ್ತಲೇ ಬೋರ್ಡು ಬರೆಸಿಕೊಟ್ಟ. ಜಯನಗರದ ಒಂದು ಶೋರೂಮಿನಿಂದ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ಬಂತು. ಅದರ ಜೊತೆಗೆ, ಚಿತ್ತಾರ ಬರೆಯುವ ಸಾಫ್ಟ್‌ವೇರಿನ ಸೀಲು ಹಾಕಿದ ಪೆಟ್ಟಿಗೆಯೂ ಬಂತು. ಪರದೆಯ ಮೇಲೆ ಗೆರೆ ಎಳೆದರೆ ಮೆಷಿನ್ ಅದನ್ನೇ ಬಟ್ಟೆಯ ಮೇಲೆ ಹೊಲಿದುಕೊಡುತ್ತದೆ. ಎರಡಕ್ಕೂ ಪೂರ್ತಿ ದುಡ್ಡು ಕಟ್ಟಿ ಬಿಲ್ಲು ತಂದು ದೇವರ ಮುಂದೆ ಇಟ್ಟಾಗಿತ್ತು.

ಪೂಜೆ ಶುಕ್ರವಾರ. ಮೆಷಿನ್ ಕೂರಿಸಲು ಕಂಪನಿಯಿಂದ ಬಂದ ಶಿವಕಿರಣ್ ಎಂಬ ಹುಡುಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಗಿ ಬಂದ. ಪೆಟ್ಟಿಗೆಯ ಸೀಲು ಒಡೆದು, ಒಳಗಿದ್ದ ಪೆನ್‌ಡ್ರೈವಿನಂಥ ಕೀಯನ್ನು ಲ್ಯಾಪ್‌ಟಾಪಿಗೆ ಚುಚ್ಚಿದ. ಪರದೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಇಂಗ್ಲಿಷ್ ಅಕ್ಷರ. ಕೆಳಗೆ ಎರಡು ಬಟನ್: ಎಡಗಡೆ ಒಪ್ಪುವುದಿಲ್ಲ, ಬಲಗಡೆ ಒಪ್ಪುತ್ತೇನೆ.

"ಇದೊಂದು ಲೈಸೆನ್ಸ್ ಅಗ್ರಿಮೆಂಟು ಮೇಡಂ. ಬೇಕಾದ್ರೆ ಓದ್ಕೊಳ್ಳಿ," ಎಂದ ಶಿವಕಿರಣ್. "ಯಾರೂ ಓದಲ್ಲ."

ಲಕ್ಷ್ಮಮ್ಮ ಗೋಡೆಯ ಗಡಿಯಾರ ನೋಡಿ ಚಡಪಡಿಸಿದರು. "ಇನ್ನೇನು ಹತ್ತೂವರೆ ಆಗೋಯ್ತದೆ, ರಾಹುಕಾಲ ಬಂದ್ಬಿಡ್ತದೆ. ಬಿರ್‍ನೆ ಮಾಡ್ರವ್ವ!"

"ನೀವೇ ಒತ್ತಿ ಲಕ್ಷ್ಮಮ್ಮನವರೇ, ನಿಮ್ಮ ಕೈಯಿಂದಾನೇ ಶುರುವಾಗ್ಲಿ," ಎಂದು ಚೂಡಾಮಣಿ ಕುಂಕುಮ ಮೆತ್ತಿದ ಅವರ ಬೆರಳನ್ನು ಹಿಡಿದು ತಾನೇ ಮೌಸಿನ ಮೇಲಿಟ್ಟಳು. ಬಲಗಡೆಯ ಬಟನ್ ಟಿಕ್ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿ ಕೋಸಂಬರಿ ತಿಂದರು. ಮೌಸಿಗೆ ಅಂಟಿದ ಕುಂಕುಮವನ್ನು ಚೂಡಾಮಣಿ ಆಮೇಲೂ ಒರೆಸಲಿಲ್ಲ.

ಕೈಗುಣವೋ ಕೆಲಸದ ಗುಣವೋ, ಅಂಗಡಿ ಚೆನ್ನಾಗಿ ನಡೆಯಿತು. ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಬಂದದ್ದು ಒಂದು ರಂಗೋಲಿಗೆ. ಚೂಡಾಮಣಿಯ ತಾಯಿ ಹನುಮಂತನಗರದ ಮನೆಯ ಮುಂದೆ ಧನುರ್ಮಾಸದ ಚಳಿಯಲ್ಲಿ ಕೂತು ಹಾಕುತ್ತಿದ್ದ ಚುಕ್ಕಿ ರಂಗೋಲಿ ಅದು. ಸುತ್ತಿ ಸುತ್ತಿ ಬರುವ ಮಲ್ಲಿಗೆ ಬಳ್ಳಿ. ಆ ತಾಯಿ ಎಲ್ಲ ಚುಕ್ಕಿಗಳನ್ನೂ ಸೇರಿಸಿ, ಮೂಲೆಯಲ್ಲಿ ಒಂದನ್ನು ಮಾತ್ರ ಹಾಗೇ ಬಿಡುತ್ತಿದ್ದಳು. "ಪೂರ್ತಿ ಮುಗಿಸ್ಬಾರ್ದು ಕಣೆ, ನಾಳೆಗೆ ಇಷ್ಟು ಇರ್ಲಿ," ಎನ್ನುತ್ತಿದ್ದಳು. ಅವಳು ಹೋದ ಮೇಲೆ ಆ ರಂಗೋಲಿ ಯಾವ ಪುಸ್ತಕದಲ್ಲೂ ಉಳಿಯಲಿಲ್ಲ, ಮಗಳ ಬೆರಳಿನಲ್ಲಿ ಮಾತ್ರ ಉಳಿದಿತ್ತು. ಚೂಡಾಮಣಿ ಅದನ್ನು ಪರದೆಯ ಮೇಲೆ ಗೆರೆ ಗೆರೆಯಾಗಿ ಎಳೆದು, ಆ ಬಿಟ್ಟ ಚುಕ್ಕಿಯನ್ನೂ ಬಿಟ್ಟ ಹಾಗೇ ಬಿಟ್ಟು, ಸೇವ್ ಮಾಡಿದ್ದಳು.

ಒಂದು ದಿನ ಬನಶಂಕರಿಯ ಛತ್ರದಲ್ಲಿ ಯಾರದೋ ಮದುವೆ. ಊಟದ ಪಂಕ್ತಿಗೆ ಕಾಯುತ್ತ ನಿಂತಿದ್ದಾಗ ಮುಂದಿದ್ದ ಹುಡುಗಿಯ ರವಿಕೆಯ ಬೆನ್ನು ಕಣ್ಣಿಗೆ ಬಿತ್ತು. ಮಲ್ಲಿಗೆ ಬಳ್ಳಿ. ಅದೇ ಸುತ್ತು. ಮೂಲೆಯಲ್ಲಿ ಅದೇ ಒಂಟಿ ಚುಕ್ಕಿ. ಚೂಡಾಮಣಿಗೆ ತನ್ನ ತಾಯಿಯೇ ಬೆನ್ನು ಮಾಡಿ ನಿಂತಂತಾಯಿತು.

"ಎಲ್ಲಿ ಹೊಲಿಸಿದ್ದಮ್ಮ ಇದು?"

"ಹೊಲಿಸಿದ್ದಲ್ಲ ಆಂಟಿ, ರೆಡಿಮೇಡು. ಮಡಿವಾಳದಲ್ಲಿ ತಗೊಂಡೆ. ಸಖತ್ತಾಗಿದೆ ಅಲ್ವಾ?"

ಸಖತ್ತಾಗಿಯೇ ಇತ್ತು. ಅದೇ ಹೊಟ್ಟೆ ಉರಿಸಿದ್ದು. ಮಡಿವಾಳದ ಅಂಗಡಿಯವನನ್ನು ಹುಡುಕಿಕೊಂಡು ಹೋದರೆ, ಅವನು ಸಾಫ್ಟ್‌ವೇರ್ ಕಂಪನಿಯ ಕ್ಯಾಟಲಾಗ್ ತೆಗೆದು ತೋರಿಸಿದ. ಅಲ್ಲಿ ಅವಳ ತಾಯಿಯ ರಂಗೋಲಿ 'ಫ್ಲೋರಲ್ ಮೆಡಾಲಿಯನ್' ಎಂಬ ಹೆಸರಿನಲ್ಲಿ ಮಾರಾಟಕ್ಕಿತ್ತು. ಅವನು ದುಡ್ಡು ಕೊಟ್ಟೇ ತೆಗೆದುಕೊಂಡಿದ್ದ. ಅವನ ತಪ್ಪೇನೂ ಇರಲಿಲ್ಲ.

ಚೂಡಾಮಣಿ ಕಂಪನಿಗೆ ಬರೆದಳು. ಉತ್ತರ ಬಂತು, ಬಹಳ ವಿನಯದ ಇಂಗ್ಲಿಷಿನಲ್ಲಿ. ನಮ್ಮ ಸಾಫ್ಟ್‌ವೇರಿನಲ್ಲಿ ಸೇವ್ ಮಾಡಿದ ಪ್ರತಿಯೊಂದು ಚಿತ್ತಾರವೂ ಇಂಟರ್ನೆಟ್ಟಿನ ಮೂಲಕ ನಮ್ಮಲ್ಲಿಗೆ ಬರುತ್ತದೆ, ಅದು ನಮ್ಮದು, ಇದನ್ನು ನೀವು ಲೈಸೆನ್ಸ್ ಅಗ್ರಿಮೆಂಟಿನಲ್ಲಿ ಒಪ್ಪಿದ್ದೀರಿ ಎಂದಿತ್ತು. ಅಲ್ಲಿಗೂ ನಿಲ್ಲಲಿಲ್ಲ. ಈ ಚಿತ್ತಾರವನ್ನು ಅನುಮತಿಯಿಲ್ಲದೆ ಹೊಲಿದು ಮಾರುತ್ತಿರುವುದನ್ನು ನೀವು ತಕ್ಷಣ ನಿಲ್ಲಿಸಬೇಕು ಎಂದೂ ಇತ್ತು. ಮರುದಿನ ಸಾಫ್ಟ್‌ವೇರು ತೆರೆಯಲಿಲ್ಲ. ಅವಳು ಬರೆದಿಟ್ಟಿದ್ದ ಚಿತ್ತಾರಗಳೆಲ್ಲ ಬೀಗದ ಒಳಗೆ ಕೂತುಬಿಟ್ಟವು.

ತಾಯಿಯ ರಂಗೋಲಿಯನ್ನು ಮಗಳು ಹಾಕಿದರೆ ಕಳ್ಳತನ! ಚೂಡಾಮಣಿಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ಅಳು ನಿಂತ ಮೇಲೆ ಬಂದದ್ದು ಮಾತ್ರ ಮತ್ತೆ ಹೋಗಲಿಲ್ಲ. "ಇದನ್ನ ಬಿಡಲ್ಲ ನಾನು," ಎಂದಳು. ಅನಂತಪದ್ಮನಾಭ ಕೋರ್ಟು ಕಚೇರಿ ಎಂದರೆ ಬಿ.ಪಿ. ಮಾತ್ರೆ ಹುಡುಕುವ ಮನುಷ್ಯ. ಹೆಂಡತಿಯ ಮುಖ ನೋಡಿ, ದೇವರ ಮುಂದಿದ್ದ ಬಿಲ್ಲನ್ನು ತಂದುಕೊಟ್ಟ.

ಬಾಡಿಗೆ ಕೊಡಲು ಹೋದಾಗ ಲಕ್ಷ್ಮಮ್ಮ ಕೇಳಿದರು, "ಮಿಷನ್ ಸದ್ದೇ ಇಲ್ವಲ್ಲ ಚೂಡಮ್ಮ, ಯಾಕೆ?" ಅವಳು ಆದಷ್ಟು ಸುತ್ತಿಬಳಸಿ ಹೇಳಿದಳು. ಲಕ್ಷ್ಮಮ್ಮ ದಡ್ಡರಲ್ಲ.

"ಒಪ್ಕೊಂಡಿದೀರಿ ಅಂತ ಬರೆದವ್ರಲ್ಲ, ಒಪ್ಕೊಂಡಿದ್ದು ಯಾರು? ಅವತ್ತು ಒತ್ತಿದ್ದು ನಾನೇ ಅಲ್ವಾ? ನಿಮ್ಮವ್ವನ ರಂಗೋಲಿ ನನ್ನ ಕೈಯಿಂದ್ಲೇ ಹೋಯ್ತಲ್ಲವ್ವ!"

ಅಂದಿನಿಂದ ಅವರ ಬಲಗೈ ಸೆರಗಿನೊಳಗೆ ಸೇರಿತು. ಎದುರಿನ ಸಾಲಿನಲ್ಲಿ ಹೊಸದಾಗಿ ದರ್ಶಿನಿ ಹೋಟೆಲು ತೆರೆದವನು ಬೋಣಿಗೆ ಕರೆಯಲು ಬಂದರೆ, "ಬೇರೆ ಯಾರ್‍ನಾದ್ರೂ ನೋಡ್ಕಳಪ್ಪ, ನನ್ನ ಕೈ ಒಳ್ಳೇದಲ್ಲ," ಎಂದು ಕಳಿಸಿಬಿಟ್ಟರು. ಅದನ್ನು ಕೇಳಿ ಚೂಡಾಮಣಿಗೆ ಕಂಪನಿಯ ಮೇಲೆ ಇದ್ದ ಸಿಟ್ಟು ಇಮ್ಮಡಿಯಾಯಿತು.

ಅವಳ ತಂಗಿಯ ಮಗಳು ಸಮನ್ವಿತಾ ಲಾಯರು, ಜೆ.ಪಿ. ನಗರದಲ್ಲಿ ಅವಳ ಆಫೀಸು. ಪೂರ್ತಿ ಕೇಳಿದವಳೇ ಕುರ್ಚಿಯಿಂದ ಅರ್ಧ ಎದ್ದಳು.

"ದೊಡ್ಡಮ್ಮ, ಕೇಸು ಗೆದ್ದ ಹಾಗೇನೇ! ಒತ್ತಿದ್ದು ನೀನಲ್ಲ, ಇಂಗ್ಲಿಷ್ ಬರದ ಇನ್ಯಾರೋ. ನೀನು ಅಡುಗೆಮನೇಲಿ ಇದ್ದೆ, ನಂಗೆ ಗೊತ್ತಿಲ್ದೆ ಲಕ್ಷ್ಮಮ್ಮ ಒತ್ತಿಬಿಟ್ರು ಅಂತ ಹೇಳು. ನಿನ್ನ ಒಪ್ಪಿಗೇನೇ ಇಲ್ಲ ಅಂದ್ಮೇಲೆ ಅಗ್ರಿಮೆಂಟ್ ಎಲ್ಲಿಂದ ಬಂತು?"

"ಅಂಗಡೀಲಿ ಅಡುಗೆಮನೆ ಎಲ್ಲಿದೆಯೇ?"

"ಅಯ್ಯೋ, ಹೊರಗಡೆ ಇದ್ದೆ ಅನ್ನು."

"ಅವರ ಬೆರಳು ಹಿಡಿದು ಒತ್ತಿಸಿದ್ದು ನಾನು ಕಣೆ. ಕರೆದು, ಕುಂಕುಮ ಕೊಟ್ಟು ಒತ್ತಿಸಿ, ಈಗ ಅವರ ಮೇಲೆ ಹಾಕ್ಲಾ? ಆಗಲ್ಲ."

"ಹಾಗಾದ್ರೆ ಕಷ್ಟ," ಎಂದು ಸಮನ್ವಿತಾ ಕೂತಳು. "ಬಟನ್ ಒತ್ತಿದ್ರೂ ಒಪ್ಪಂದ ಒಪ್ಪಂದಾನೇ ಅಂತ ಅವರು ಹೇಳ್ತಾರೆ. ಕಾಗದದ ಮೇಲೆ ಸೈನ್ ಇರ್ಲೇಬೇಕು ಅಂತೇನಿಲ್ಲ. ಓದದೆ ಒತ್ತಿದ್ದು ನಿನ್ನ ತಪ್ಪು ಅಂತಾರೆ."

"ತಪ್ಪೇ. ಓದಿದ್ರೆ ಏನ್ಮಾಡ್ಬಹುದಿತ್ತು?"

"ಇಷ್ಟ ಇಲ್ಲ ಅಂದ್ರೆ ಒಪ್ಪಲ್ಲ ಅಂತ ಒತ್ತಿ, ಪೆಟ್ಟಿಗೆ ವಾಪಸ್ ಕೊಟ್ಟು ದುಡ್ಡು ತಗೊಳ್ಳಿ ಅಂತ ಅದೇ ಅಗ್ರಿಮೆಂಟಲ್ಲಿ ಬರೆದಿರ್ತಾರೆ. ಅಂದ್ರೆ ನಿನಗೆ ದಾರಿ ಇತ್ತು, ನೀನು ಹಿಡೀಲಿಲ್ಲ ಅಂತ."

"ದಾರಿ ಇತ್ತಾ?" ಎಂದಳು ಚೂಡಾಮಣಿ. ಕತ್ರಿಗುಪ್ಪೆಗೆ ಹೋಗುವ ಬಸ್ಸಿನಲ್ಲೂ ಅವಳು ಅದನ್ನೇ ಯೋಚಿಸಿದಳು. ಇಳಿಯುವ ಹೊತ್ತಿಗೆ ಏನು ಮಾಡಬೇಕೆಂದು ತೀರ್ಮಾನವಾಗಿತ್ತು.

ನೇರವಾಗಿ ಲಕ್ಷ್ಮಮ್ಮನವರ ಮನೆಯ ಮೆಟ್ಟಿಲು ಹತ್ತಿದಳು. "ನಾಳೆ ನನ್ನ ಜೊತೆ ಜಯನಗರಕ್ಕೆ ಬನ್ನಿ. ಶೋರೂಮಲ್ಲಿ ಒಂದು ಬಟನ್ ಒತ್ತೋದಿದೆ."

"ಈ ಕೈನಾಗಾ? ಬ್ಯಾಡ ಕಣವ್ವ."

"ಆ ಕೈನೇ ಬೇಕು."

ಶೋರೂಮಿನಲ್ಲಿ ಚೂಡಾಮಣಿ ಅದೇ ಸಾಫ್ಟ್‌ವೇರಿನ ಇನ್ನೊಂದು ಪೆಟ್ಟಿಗೆ ಕೇಳಿದಳು. ಕೌಂಟರಿನವನು ಖುಷಿಯಿಂದ ತಂದಿಟ್ಟ.

"ಇದರಲ್ಲಿ ಏನೋ ಅಗ್ರಿಮೆಂಟ್ ಇರುತ್ತಂತಲ್ಲ, ತಗೊಳ್ಳೋಕೆ ಮುಂಚೆ ಓದ್ಬಹುದಾ?"

"ಒಳಗಿರೋ ಕೀ ಹಾಕಿದ್ರೇನೇ ಅದು ಬರೋದು ಮೇಡಂ. ಬಿಲ್ ಆಗ್ದೆ ಸೀಲ್ ಒಡೆಯೋ ಹಾಗಿಲ್ಲ."

"ಸರಿ, ಬಿಲ್ ಮಾಡಿ."

ಮೆಷಿನ್ನಿನ ಸರ್ವಿಸಿಗೆಂದು ತೆಗೆದಿಟ್ಟಿದ್ದ ದುಡ್ಡು ಅಲ್ಲಿಗೆ ಖರ್ಚಾಯಿತು. ಅವನ ಎದುರೇ ಸೀಲು ಒಡೆದು, ತಂದಿದ್ದ ಲ್ಯಾಪ್‌ಟಾಪಿಗೆ ಕೀ ಚುಚ್ಚಿದಳು. ಅದೇ ಸಾಸಿವೆ ಅಕ್ಷರ ಬಂದವು. ಈ ಸಲ ಅವಳು ಕನ್ನಡಕ ಹಾಕಿಕೊಂಡು, ಸ್ಟೂಲೆಳೆದು ಕೂತು, ಮೊದಲಿನಿಂದ ಕೊನೆಯವರೆಗೆ ಓದಿದಳು. ಕೌಂಟರಿನವನು ಎರಡು ಸಲ ಟೀ ಕುಡಿದು ಬಂದ. ಓದಿ ಮುಗಿಸಿ ಅವಳು ಹೇಳಿದಳು, "ಒತ್ತಿ ಲಕ್ಷ್ಮಮ್ಮನವರೇ. ಈ ಸಲ ಎಡಗಡೇದು."

ಸೆರಗಿನಿಂದ ಕೈ ಹೊರಗೆ ಬಂತು. ಒತ್ತಿದರು. ಪರದೆ ಖಾಲಿಯಾಯಿತು.

"ನಾವು ಒಪ್ಪಲಿಲ್ಲ. ದುಡ್ಡು ವಾಪಸ್ ಕೊಡಿ," ಎಂದಳು ಚೂಡಾಮಣಿ.

"ಅಯ್ಯೋ, ಸೀಲ್ ಒಡೆದಿದೀರಲ್ಲ ಮೇಡಂ! ಒಡೆದ ಮಾಲು ವಾಪಸ್ ತಗೊಳ್ಳಲ್ಲ."

"ವಾಪಸ್ ಕೊಡಬಹುದು ಅಂತ ಆ ಅಗ್ರಿಮೆಂಟಲ್ಲೇ ಬರೆದಿದೆಯಲ್ಲ?"

"ಅದು ಕಂಪನಿ ಬರೆದಿರೋದು. ಕಂಪನಿಯವರು ಒಡೆದಿದ್ದನ್ನ ನಮ್ಮ ಹತ್ರಾನೂ ವಾಪಸ್ ತಗೊಳ್ಳಲ್ಲ. ನಾವೇನ್ ಮಾಡೋಣ?"

"ಹಾಗಂತ ಬಿಲ್ ಮೇಲೆ ಬರ್ಕೊಡಿ."

ಇವಳನ್ನು ಸಾಗಹಾಕಿದರೆ ಸಾಕೆಂದು ಅವನು ಸಂತೋಷವಾಗಿಯೇ ಬರೆದು, ಅಂಗಡಿಯ ಮೊಹರು ಒತ್ತಿಕೊಟ್ಟ.

ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿ ಗ್ರಾಹಕ ಆಯೋಗ. ಅಲ್ಲಿ ದೂರು ಕೊಟ್ಟು, ದಿನಾಂಕದ ಮೇಲೆ ದಿನಾಂಕ ಬಿದ್ದು, ಕಡೆಗೂ ವಿಚಾರಣೆ ಬಂತು. ಚೂಡಾಮಣಿ ತಾನೇ ಮಾತಾಡುತ್ತೇನೆಂದು ಹಟ ಹಿಡಿದಿದ್ದರಿಂದ ಸಮನ್ವಿತಾ ಪಕ್ಕದಲ್ಲಿ ಕೂತಿದ್ದಳು. ಹಿಂದಿನ ಬೆಂಚಿನಲ್ಲಿ ರೇಷ್ಮೆ ಸೀರೆ ಉಟ್ಟ ಲಕ್ಷ್ಮಮ್ಮ, ಕೈ ಸೆರಗಿನೊಳಗೇ ಇಟ್ಟುಕೊಂಡು ಕೂತಿದ್ದರು. ಕಂಪನಿಯ ಲಾಯರು ಆಶ್ರಿತ್ ಎಂಬ ಯುವಕ. ನಯವಾದ ಮಾತಿನವನು, ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ.

"ಮೇಡಂ, ಅಗ್ರಿಮೆಂಟು ಸ್ಕ್ರೀನ್ ಮೇಲೆ ಬಂತಾ?"

"ಬಂತು."

"ನಿಮಗೆ ಇಂಗ್ಲಿಷ್ ಬರುತ್ತಾ?"

"ಬಿ.ಎ. ಓದಿದೀನಿ."

"ಅಗ್ರಿಮೆಂಟ್ ಓದಿದ್ರಾ?"

"ಇಲ್ಲ."

"ಯಾಕೆ?"

"ರಾಹುಕಾಲ ಬರ್ತಿತ್ತು."

ಕೋಣೆಯಲ್ಲಿ ನಗೆ ಎದ್ದಿತು. ಆಯೋಗದ ಅಧ್ಯಕ್ಷರೂ ಬಾಯಿಗೆ ಕೈ ಅಡ್ಡ ಹಿಡಿದರು. ಚೂಡಾಮಣಿ ನಗಲಿಲ್ಲ.

"ಬಟನ್ ಒತ್ತಿದ್ದು ಯಾರು?" ಎಂದು ಆಶ್ರಿತ್ ಕೇಳಿದ.

ತಪ್ಪಿಸಿಕೊಳ್ಳುವ ಬಾಗಿಲು ಇದೊಂದೇ ಎಂದು ಚೂಡಾಮಣಿಗೆ ಗೊತ್ತಿತ್ತು. ಸಮನ್ವಿತಾ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ಹಿಂದೆ ಲಕ್ಷ್ಮಮ್ಮ ತಪ್ಪೊಪ್ಪಿಕೊಳ್ಳುವವರ ಹಾಗೆ ಅರ್ಧ ಎದ್ದು ನಿಂತಿದ್ದರು.

"ಕೈ ಅವರದು. ಒತ್ತಿಸಿದ್ದು ನಾನು," ಎಂದಳು. "ಒಪ್ಪಿಗೆ ಅಂತ ಒಂದಿದ್ರೆ ಅದು ನಂದೇ. ಅವರ ಕೈಗೂ ಇದಕ್ಕೂ ಸಂಬಂಧ ಇಲ್ಲ ಅಂತ ದಯವಿಟ್ಟು ಬರ್ಕೊಳ್ಳಿ ಸಾರ್."

ಸಮನ್ವಿತಾ ಕಣ್ಣು ಮುಚ್ಚಿಕೊಂಡಳು. ಆಶ್ರಿತ್ ಫೈಲು ಮಡಿಚುತ್ತ, "ಇನ್ನೇನೂ ಕೇಳೋದಿಲ್ಲ ಸಾರ್. ಅವರೇ ಒಪ್ಕೊಂಡ್ರು," ಎಂದ.

"ನಂದು ಮುಗಿದಿಲ್ಲ," ಎಂದಳು ಚೂಡಾಮಣಿ. "ಪಕ್ಕದಲ್ಲೇ ಒಪ್ಪುವುದಿಲ್ಲ ಅಂತಾನೂ ಬಟನ್ ಇತ್ತು. ಅದನ್ನ ಒತ್ತಿದ್ರೆ ಏನಾಗ್ತಿತ್ತು ಅಂತ ಅವರನ್ನ ಕೇಳ್ಬಹುದಾ?"

ಅಧ್ಯಕ್ಷರು ಆಶ್ರಿತ್ ಕಡೆ ನೋಡಿದರು. "ಸುಲಭ ಸಾರ್," ಎಂದ ಅವನು. "ಪೆಟ್ಟಿಗೆ ವಾಪಸ್ ಕೊಟ್ಟು ದುಡ್ಡು ತಗೊಳ್ಳಬಹುದಿತ್ತು. ಅಗ್ರಿಮೆಂಟಲ್ಲೇ ಇದೆ."

ಚೂಡಾಮಣಿ ಎರಡನೆಯ ಪೆಟ್ಟಿಗೆಯನ್ನೂ ಅದರ ಬಿಲ್ಲನ್ನೂ ಮೇಜಿನ ಮೇಲಿಟ್ಟಳು. "ಒತ್ತಿ ನೋಡಿದೀವಿ ಸಾರ್. ಓದಬೇಕಾದ್ರೆ ಸೀಲ್ ಒಡೀಬೇಕು. ಸೀಲ್ ಒಡೆದ್ರೆ ವಾಪಸ್ ಇಲ್ಲ. ಒಡೆದಿದ್ದನ್ನ ಕಂಪನೀನೇ ತಗೊಳ್ಳಲ್ಲ ಅಂತ ಅಂಗಡಿಯವರು ಬರ್ಕೊಟ್ಟಿದಾರೆ. ನಾನು ಓದಿದ್ರೂ ಅಷ್ಟೆ, ಓದದೇ ಇದ್ರೂ ಅಷ್ಟೆ. ಬೇಡ ಅನ್ನೋಕೆ ಜಾಗಾನೇ ಇಲ್ದೇ ಇರೋವಾಗ, ಬೇಕು ಅಂದಿದ್ದಕ್ಕೆ ಏನು ಬೆಲೆ?"

ಅಧ್ಯಕ್ಷರು ಬಿಲ್ಲನ್ನು ಹತ್ತಿರ ಹಿಡಿದು ಓದಿದರು. "ಈ ಒಪ್ಪುವುದಿಲ್ಲ ಅನ್ನೋದನ್ನ ಒತ್ತಿದ್ದು ಯಾರು?"

ಲಕ್ಷ್ಮಮ್ಮ ಪೂರ್ತಿ ಎದ್ದು ನಿಂತರು. "ನಾನೇ ಸೋಮಿ. ಇದೇ ಕೈ," ಎಂದು ಬಲಗೈಯನ್ನು ಎತ್ತಿ ತೋರಿಸಿದರು. ಈ ಸಲ ಯಾರೂ ನಗಲಿಲ್ಲ.

ಹೊರಗೆ ವರಾಂಡದಲ್ಲಿ ಆಶ್ರಿತ್ ಬಂದು ನಿಂತ. "ಮೇಡಂ, ಕಂಪನಿ ಜೊತೆ ಮಾತಾಡಿದೆ. ಲಾಕ್ ತೆಗೀತಾರೆ. ಸಾಫ್ಟ್‌ವೇರ್ ಜೀವನಪೂರ್ತಿ ಫ್ರೀ. ಆ ಡಿಸೈನ್ ಹೊಲ್ಕೊಳ್ಳೋಕೆ ನಿಮಗೆ ಪರ್ಮಿಷನ್ ಕೂಡ ಕೊಡ್ತಾರೆ. ಕೇಸ್ ವಾಪಸ್ ತಗೊಂಡುಬಿಡಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಪಾಪ. ಆದರೆ ಆ ಒಂದು ಮಾತಿಗೆ ಚೂಡಾಮಣಿಯ ಮೈ ಉರಿದುಹೋಯಿತು. "ನಮ್ಮಮ್ಮನ ರಂಗೋಲಿ ಹಾಕೋಕೆ ನನಗೆ ಪರ್ಮಿಷನ್ನಾ?" ಎಂದಳು. "ಮನೇಲಿ ನಿಮ್ಮಮ್ಮ ಸಾರು ಮಾಡೋಕೆ ಯಾರ ಪರ್ಮಿಷನ್ ತಗೋತಾರಪ್ಪ? ಹೋಗಿ ಹೇಳು, ಬೇಡ ಅಂದ್ರು ಅಂತ."

ತಿಂಗಳುಗಳು ಕಳೆದ ಮೇಲೆ ಆದೇಶ ಬಂತು. ಬಟನ್ ಒತ್ತಿದರೆ ಒಪ್ಪಂದವೇ ಆಗದು ಎಂದು ಆಯೋಗ ಹೇಳಲಿಲ್ಲ. ಓದಲು ಅವಕಾಶವಿದ್ದು, ನಿರಾಕರಿಸಲು ನಿಜವಾದ ದಾರಿಯಿದ್ದು ಒತ್ತಿದ್ದರೆ ಕೊಂಡವರು ಅದಕ್ಕೆ ಬದ್ಧರೇ. ಇಲ್ಲಿ ಆ ದಾರಿ ಕಾಗದದ ಮೇಲೆ ಮಾತ್ರ ಇತ್ತು. ಮಾರಾಟ ಮುಗಿದ ಮೇಲೆ ಹೀಗೆ ತೂರಿಸಿದ ಷರತ್ತು ಕೊಂಡವರ ಚಿತ್ತಾರವನ್ನು ಕಿತ್ತುಕೊಳ್ಳಲಾರದು. ಎಲ್ಲವನ್ನೂ ಅವರಿಗೆ ಹಿಂದಿರುಗಿಸಿ, ಕ್ಯಾಟಲಾಗಿನಿಂದ ತೆಗೆಯತಕ್ಕದ್ದು. ಸಮನ್ವಿತಾ ಫೋನಿನಲ್ಲಿ ಓದಿ ಹೇಳುವಾಗ ಅನಂತಪದ್ಮನಾಭ ಪಕ್ಕದಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದ. ಚೂಡಾಮಣಿ ಫೋನಿಟ್ಟವಳೇ ಬಾಗಿಲಿಗೆ ಹೋಗಿ, ನೀರು ಹಾಕಿ, ತಾಯಿಯ ರಂಗೋಲಿ ಬಿಟ್ಟಳು. ಮೂಲೆಯ ಚುಕ್ಕಿಯನ್ನು ಹಾಗೇ ಉಳಿಸಿದಳು.

ಮೆಷಿನ್ನಿಗೆ ಬೇರೆ ಕಂಪನಿಯ ಸಾಫ್ಟ್‌ವೇರ್ ತಂದಳು. ಮತ್ತೆ ಶುಕ್ರವಾರ, ಮತ್ತೆ ಪೂಜೆ, ಮತ್ತೆ ತಡವಾಗಿ ಬಂದ ಇನ್ಯಾರೋ ಹುಡುಗ. ಲಕ್ಷ್ಮಮ್ಮ ಕುಂಕುಮ ಹಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಪರದೆಯ ತುಂಬ ಸಣ್ಣ ಅಕ್ಷರ ಬಂದವು.

"ಒತ್ತಿಬಿಡಿ ಆಂಟಿ, ಎಲ್ಲ ಇದ್ದಿದ್ದೇ," ಎಂದ ಹುಡುಗ.

ಚೂಡಾಮಣಿ ಕನ್ನಡಕ ಹಾಕಿಕೊಂಡಳು. ಗಡಿಯಾರದ ಮುಳ್ಳು ಹತ್ತೂವರೆಯ ಹತ್ತಿರ ಹತ್ತಿರ ಹೋಗುತ್ತಿತ್ತು. ಅವಳು ಅಳುಕುತ್ತಲೇ ಲಕ್ಷ್ಮಮ್ಮನವರ ಕಡೆ ನೋಡಿದಳು.

ಲಕ್ಷ್ಮಮ್ಮ ಗಡಿಯಾರ ನೋಡಿದರು, ಪರದೆ ನೋಡಿದರು. ಹಾಲಿನ ಪ್ಯಾಕೆಟ್ಟಿಗೂ ರಾಹುಕಾಲ ನೋಡುತ್ತಿದ್ದ ಆ ಹೆಂಗಸು ಕೈ ಮಡಿಲಲ್ಲಿಟ್ಟುಕೊಂಡು ಕುರ್ಚಿಗೆ ಆರಾಮವಾಗಿ ಒರಗಿದರು.

"ಬಂದ್ರೆ ಬರ್ಲಿ ಬಿಡಿ ರಾಹುಕಾಲ, ಬಂದಂಗೇ ಹೋಯ್ತದೆ. ನೀವು ಮೊದಲ್ನೇ ಸಾಲಿಂದ ಓದ್ರವ್ವ. ನಂಗೂ ತಿಳಿಯಂಗೆ ಕನ್ನಡದಾಗೆ ಹೇಳಿ. ಒತ್ತೋದು ಬಿಡೋದು ಆಮೇಲೆ."